ಗೋಡೆ ಕಡೆ ತಿರುಗಿಸಿ ಉಡಿಸಿದ ಸೀರೆ

ನಾನು ಹೊಟ್ಟೆಪಾಡಿಗೆ ಮಾಡಿದ ಕೆಲಸ ಗಂಡಸರಿಗೆ ಸೀರೆ ಉಡಿಸುವುದು. ನಗುವವರು ಈಗಲೇ ನಕ್ಕುಬಿಡಿ. ನಿಜಾಮರ ಕಾಲದಲ್ಲಿ ಗದ್ವಾಲಿನ ಒಂದು ನಾಟಕ ಕಂಪನಿಯಲ್ಲಿ ಶುರು ಮಾಡಿದೆ, ಹೈದರಾಬಾದಿನ ಒಂದು ವಿಶ್ವವಿದ್ಯಾಲಯದ ನಾಟಕ ತರಗತಿಯಲ್ಲಿ ಮುಗಿಸಿದೆ. ಅಲ್ಲಿ ಪ್ರತಿ ವಿದ್ಯಾರ್ಥಿಯೂ ಪಾಠ ಕೇಳುವುದರ ಜೊತೆಗೆ ರಂಗದ ಒಂದು ಕೈಗೆಲಸ ಹಿಡಿದು ವರ್ಷವಿಡೀ ಅದರಲ್ಲಿ ಪಳಗಬೇಕಿತ್ತು. ಒಬ್ಬ ಪರದೆ ಬರೆಯುತ್ತಿದ್ದ, ಒಬ್ಬ ಬಣ್ಣ ಹಚ್ಚುತ್ತಿದ್ದ, ಒಬ್ಬ ದೀಪ ನೋಡುತ್ತಿದ್ದ. ಉಡಿಸುವುದನ್ನು ಆರಿಸಿಕೊಂಡವರು ನನ್ನ ಪಾಲಿಗೆ ಬರುತ್ತಿದ್ದರು.

ನನಗೆ ಎಷ್ಟು ಸಲ ಬಡ್ತಿ ಆಯಿತು, ಯಾರು ಶಾಲು ಹೊದಿಸಿದರು ಎಂಬುದನ್ನು ಬರೆಯುವುದಿಲ್ಲ. ಅದನ್ನು ಓದಿ ನಿಮಗೆ ಒಂದು ನಿರಿಗೆ ಹಿಡಿಯಲೂ ಬರುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬರುವವರು ಕೇಳುವುದು ಒಂದೇ ಮಾತು: ‘ಮೇಷ್ಟ್ರೇ, ನೀವು ಹೇಗೆ ಕಲಿತಿರಿ?’ ಶ್ರದ್ಧೆಯಿಂದ ಕಲಿತೆ ಎಂದು ಇಷ್ಟು ವರ್ಷ ಹೇಳುತ್ತ ಬಂದೆ. ಸುಳ್ಳು. ಹೊಟ್ಟೆಕಿಚ್ಚಿನಿಂದ ಕಲಿತೆ. ಅದೂ ಒಬ್ಬ ಹೆಣ್ಣುಮಗಳ ಮೇಲಿನ ಹೊಟ್ಟೆಕಿಚ್ಚು.

ನಮ್ಮೂರು ನಾರ್ವ. ಕುರಿ ಕಾಯುವ ಮನೆತನ; ಮನೆದೇವರ ಹೆಸರನ್ನೇ ನನಗಿಟ್ಟು ಬೀರಪ್ಪ ಎಂದು ಕರೆದರು. ಹಗ್ಗ ಹೊಸೆಯುವುದು, ಗಂಟು ಹಾಕುವುದು ನಡೆಯಲು ಕಲಿತ ಹೊತ್ತಿಗೇ ಬಂದಿತ್ತು. ಗದ್ವಾಲಿನ ಕಂಪನಿಗೆ ಪರದೆ ಕಟ್ಟುವ ಆಳಾಗಿ ಸೇರಿದ್ದೆ. ಯಜಮಾನರು ವೀರಭದ್ರಪ್ಪನವರು, ರಾಯಚೂರು ಕಡೆಯ ವ್ಯಾಪಾರಸ್ಥರು. ನಾಟಕದ ಹುಚ್ಚಿಗೆ ಅಂಗಡಿಯನ್ನು ತಮ್ಮಂದಿರಿಗೆ ಬಿಟ್ಟು ಬಂದಿದ್ದರು. ಒಂದು ದಿನ ನನ್ನ ಗಂಟನ್ನು ಜಗ್ಗಿ ನೋಡಿ, ‘ಲೇ ಬೀರಪ್ಪ, ಪರದಿ ಬೀಳಲಾರದಂಗ ಕಟ್ಟತೀದಿ. ನಾಳಿಂದ ಸೀರಿ ಕಟ್ಟು’ ಎಂದರು. ಅಷ್ಟೇ ನನ್ನ ನೇಮಕ. ಆಗೆಲ್ಲ ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದರು. ನಮ್ಮ ಕಂಪನಿಯ ರಾಣಿ, ರಾಜಕುಮಾರಿ, ಗರತಿ ಎಲ್ಲವೂ ಒಬ್ಬನೇ, ಹಣಮಂತು. ತೆಳ್ಳಗಿನ ಮೈ, ಒಳ್ಳೆಯ ಕಂಠ. ನನ್ನನ್ನು ಮಾವ ಎನ್ನುತ್ತಿದ್ದ.

ಮೊದಲ ಎಡವಟ್ಟು ಮಕ್ತಲಿನಲ್ಲಿ ಆಯಿತು. ಸಂತೆಯ ಜನ ಕಿಕ್ಕಿರಿದು ಕೂತಿದ್ದರು. ಹಣಮಂತು ಯುದ್ಧಕ್ಕೆ ಹೋಗುವ ರಾಣಿ. ಕತ್ತಿ ಹಿಡಿದು ಕುಣಿಯಬೇಕು. ಸೀರೆ ಕಳಚಬಾರದೆಂದು ನಾನು ಕುರಿಯ ಗೂಟಕ್ಕೆ ಹಾಕುವ ಗಂಟನ್ನೇ ಅವನ ಸೊಂಟಕ್ಕೆ ಬಿಗಿದೆ. ಎರಡನೆಯ ಅಂಕ ಮುಗಿಸಿ ಒಳಗೆ ಓಡಿ ಬಂದವನೇ, ‘ಮಾವ, ಬಿಚ್ಚು ಮಾವ, ತಡಕೊಳ್ಳಾಕ ಆಗವಲ್ದು!’ ಎಂದು ಒಂಟಿ ಕಾಲಿನ ಮೇಲೆ ಕುಣಿಯತೊಡಗಿದ. ಬೆವರಿಗೆ ನೆನೆದ ಗಂಟು ಉಗುರಿಗೂ ಬಗ್ಗಲಿಲ್ಲ, ಹಲ್ಲಿಗೂ ಬಗ್ಗಲಿಲ್ಲ. ಕಡೆಗೆ ಮುಂದೆ ಕೂತಿದ್ದ ರೈತನೊಬ್ಬನ ಕುಡುಗೋಲು ತಂದು ಕತ್ತರಿಸಿದೆವು. ಮೂರನೆಯ ಅಂಕದಲ್ಲಿ ನಮ್ಮ ರಾಣಿ ಪರದೆಯ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ರಾಜ್ಯ ಆಳಿದಳು. ಯಜಮಾನರು ಬೈಯಲೂ ಇಲ್ಲ. ‘ಹಗ್ಗ ಹಾಕಿದ್ದಾತು, ಇನ್ನೊಂದು ಗೂಟಾ ಹೊಡಿ, ಮೇವು ಹಾಕು’ ಎಂದರು, ಎಲ್ಲರ ಮುಂದೆ.

ಆದರೂ ನಾಲ್ಕು ವರ್ಷ ಆ ಕೆಲಸ ನನ್ನದೇ ಆಗಿತ್ತು. ಸೀರೆ ಬೀಳಬಾರದು, ನನಗೆ ಗೊತ್ತಿದ್ದದ್ದು ಇಷ್ಟೇ. ಬಿದ್ದಿಲ್ಲ ಎಂದರೆ ನಾನು ದೊಡ್ಡ ಕಸಬುದಾರ ಎಂದುಕೊಂಡು ಮೀಸೆ ತಿರುವಿಕೊಂಡು ಓಡಾಡುತ್ತಿದ್ದೆ. ಆ ಸೊಕ್ಕು ಇಳಿದದ್ದು ನಾರಾಯಣಪೇಟೆಯಲ್ಲಿ.

ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೆಯೇ ನೂಲಿಗೆ ನೂಲು ಸಿಕ್ಕಿಸಿ ಕೂಡಿಸುತ್ತಾರೆ. ನೇಯುವ ಊರಿನಲ್ಲಿ ನಾಲ್ಕು ವರ್ಷ ಇದ್ದರೂ ಇದರ ಬಗ್ಗೆ ನಾನು ಒಂದು ದಿನವೂ ಯೋಚಿಸಿರಲಿಲ್ಲ. ನಿರಿಗೆ ಗಟ್ಟಿಯಾಗಲೆಂದು ಅಂಚನ್ನೇ ಹಿಡಿದು ಎಳೆಯುತ್ತಿದ್ದೆ. ಆ ದಿನ ಹಣಮಂತು ಸತ್ತ ಗಂಡನ ಮೇಲೆ ಬಿದ್ದು ಅಳುವಾಗ, ಕೂಡಿಸಿದ ಜಾಗ ಬಿಟ್ಟು ಅಂಚು ಒಂದು ಮೊಳ ಜೋತು ಬಿತ್ತು. ಬೇರೆ ಊರಾಗಿದ್ದರೆ ಯಾರೂ ನೋಡುತ್ತಿರಲಿಲ್ಲ. ನಾರಾಯಣಪೇಟೆ ನೇಕಾರರ ಊರು. ಅಲ್ಲಿ ಜನ ಮೊದಲು ಅಂಚು ನೋಡುತ್ತಾರೆ, ಆಮೇಲೆ ಮುಖ. ‘ಅಂಚು ಬಿಟ್ತು! ಅಂಚು ಬಿಟ್ತು!’ ಎಂದು ಒಬ್ಬ ಎದ್ದ. ‘ಊಡಿಪೋಯಿಂದಿ ರಾ!’ ಎಂದು ಇನ್ನೊಬ್ಬ ಅದನ್ನೇ ತೆಲುಗಿನಲ್ಲಿ ಕೂಗಿದ. ಗಂಡ ಸತ್ತದ್ದಕ್ಕೆ ಮಿಸುಕದ ಜನ ಅಂಚಿಗಾಗಿ ಅಯ್ಯೋ ಅಯ್ಯೋ ಎಂದರು.

ಮರುದಿನ ಬೆಳಿಗ್ಗೆ ಒಬ್ಬ ಹೆಂಗಸು ನಮ್ಮ ಬಿಡಾರಕ್ಕೆ ಬಂದಳು. ಮೂವತ್ತರ ಆಚೆ ಈಚೆ, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಹೆಸರು ಸಾಬಮ್ಮ. ತವರು ನಾರಾಯಣಪೇಟೆ, ಗಂಡನ ಮನೆ ಗದ್ವಾಲ; ಆಗ ತವರಿಗೆ ಬಂದಿದ್ದಳು. ಗಂಡ ತೀರಿಕೊಂಡ ಮೇಲೆ ಹರಿದ ಅಂಚು ಕೂಡಿಸಿಕೊಡುವ ಕೆಲಸ ಮಾಡುತ್ತಿದ್ದಳು. ಸೀರೆಯನ್ನು ತೊಡೆಯ ಮೇಲೆ ಹರವಿಕೊಂಡು ಯಜಮಾನರನ್ನು ಕೇಳಿದಳು:

‘ಇದನ್ನ ಉಡಿಸಿದಾಂವ ಯಾರ್ರೀ?’

‘ನಾನೇ’ ಎಂದೆ.

‘ಉಡಿಸಿಲ್ಲ ಬಿಡು. ಮೂಟಿ ಕಟ್ಟೀದಿ.’

ಯಜಮಾನರು ಗಟ್ಟಿಯಾಗಿ ನಕ್ಕರು. ‘ಹಂಗಾರ ನೀ ಒಮ್ಮೆ ಉಡಿಸಿ ತೋರ್ಸವ್ವ’ ಎಂದರು. ಚೇಷ್ಟೆಗೆ ಆಡಿದ ಮಾತು. ಗಂಡಸಿನ ಮೈಗೆ ಸೀರೆ ಸುತ್ತಲು ಯಾವ ಹೆಂಗಸು ಒಪ್ಪುತ್ತಾಳೆ? ಸಾಬಮ್ಮ ಸೀರೆ ಕೆಳಗಿಟ್ಟು ಎದ್ದಳು. ಆಮೇಲೆ ಹಣಮಂತುವಿನ ಹಣೆಗೆ ತಾನೇ ಕುಂಕುಮ ಹಚ್ಚಿ, ‘ಇನ್ನ ನೀ ನನ್ನ ತಂಗಿ. ಸೀರಿ ಬಿಚ್ಚೂತನಕ ತಂಗಿನೇ. ಬಾರವ್ವ, ಈ ಕಡಿ ತಿರುಗು’ ಎಂದಳು. ಆ ಗಳಿಗೆಯಿಂದ ಅವನನ್ನು ಒಂದು ಸಲವೂ ಗಂಡಾಗಿ ಕರೆಯಲಿಲ್ಲ. ತಂಗಿ, ಕೈ ಎತ್ತು; ತಂಗಿ, ಉಸಿರು ಎಳಕೋ. ಇದು ಅವಳು ತಾನೇ ಮಾಡಿಕೊಂಡ ಕಟ್ಟಳೆ. ಹಣಮಂತುವಿನ ನಾಚಿಕೆಯೂ ಹೋಯಿತು, ನೋಡುವವರ ಬಾಯಿಯೂ ಮುಚ್ಚಿತು.

ಅವಳು ಉಡಿಸಿ ಮುಗಿಸಿದ ಮೇಲೆ ಹಣಮಂತು ನಾಲ್ಕು ಹೆಜ್ಜೆ ನಡೆದ. ನಾಲ್ಕು ವರ್ಷ ನಾನು ಉಡಿಸಿದಾಗ ಅವನು ಸೀರೆ ಉಟ್ಟ ಗಂಡಸು. ಈಗ ಬಿಡಾರದ ಅಂಗಳದಲ್ಲಿ ಒಬ್ಬ ಹೆಣ್ಣುಮಗಳು ನಡೆದು ಹೋಗುತ್ತಿದ್ದಳು. ಅಭಿನಯ ಕಲಿಸಿದವರು ಯಾರೂ ಇಲ್ಲ, ಬಣ್ಣವೂ ಹಚ್ಚಿರಲಿಲ್ಲ. ಯಜಮಾನರು ನಗುವುದನ್ನು ನಿಲ್ಲಿಸಿದರು. ‘ಗದ್ವಾಲಕ್ಕ ಹೋದ ಮ್ಯಾಲೆ ದಿನಾ ಬಾರವ್ವ’ ಎಂದರು. ನನಗೆ, ‘ಬೀರಪ್ಪ, ನೀ ಸೀರಿ ಮಡಚಿ ಕೊಡು’ ಎಂದರು.

ಮಡಚಿ ಕೊಡುವವನಾದೆ. ಉರಿ ಎಂದರೆ ಏನು ಅಂತ ಆಗ ತಿಳಿಯಿತು. ಊಟ ಸೇರುತ್ತಿರಲಿಲ್ಲ. ಅವಳು ಬರುವ ದಾರಿಯಲ್ಲಿ ಕಾಲು ಉಳುಕಲಿ ಎಂದು ಮೈಲಾರನಿಗೆ ಹರಕೆ ಹೊತ್ತವನು ನಾನು. ಎಲ್ಲರೂ ಅವಳನ್ನು ಸಾಬಮ್ಮಕ್ಕ ಎನ್ನುತ್ತಿದ್ದರು. ನನ್ನ ಬಾಯಲ್ಲಿ ಅಕ್ಕ ಎಂಬ ಮಾತು ಬರಲಿಲ್ಲ. ‘ಏನಮ್ಮ’ ಎಂದೇ ಕರೆದೆ. ಅವಳು ಮಾತ್ರ ಮೊದಲ ವಾರದಿಂದಲೇ ನನ್ನನ್ನು ತಮ್ಮ ಎಂದಳು. ಅದಕ್ಕೂ ಉರಿಯಿತು.

ನಮ್ಮ ಕಂಪನಿಯಲ್ಲಿ ಉಡಿಸುವುದು ಹಗಲು ಬೆಳಕಿನಲ್ಲೇ. ನಾಲ್ಕು ಗಂಟೆಯ ಬಿಸಿಲು ಕಿಟಕಿಯಿಂದ ಬೀಳುವಾಗ ಅವಳು ಕೋಣೆಯೊಳಗೆ ಶುರು ಮಾಡುತ್ತಿದ್ದಳು. ನಾನು ಸೀರೆ ಕೊಟ್ಟು ಹೊರಗೆ ಬಂದು, ಬಾಗಿಲ ಸಂದಿಗೆ ಕಣ್ಣಿಡುತ್ತಿದ್ದೆ. ಎಲ್ಲಿ ತಪ್ಪುತ್ತಾಳೆ, ಯಜಮಾನರಿಗೆ ಏನು ಚಾಡಿ ಹೇಳಲಿ ಎಂಬುದೊಂದೇ ಆಸೆ. ತಪ್ಪು ಹುಡುಕುವ ಕಣ್ಣು ಎಷ್ಟು ಚುರುಕು ಗೊತ್ತೇ? ಭಕ್ತಿಯಿಂದ ನೋಡುವವನು ಕೈಮುಗಿದು ಅರ್ಧ ನೋಡುತ್ತಾನೆ. ನಾನು ರೆಪ್ಪೆ ಮಿಟುಕಿಸಲಿಲ್ಲ.

ಮೊದಲು ಸೊಂಟಕ್ಕೆ ಹಳೆಯ ಧೋತರದ ಪಟ್ಟಿ, ಬರಿಯ ಮೈಗೆ ಸೀರೆ ತಾಗುವುದೇ ಇಲ್ಲ. ಗಂಟು ಹೊಕ್ಕುಳಿನ ನೇರಕ್ಕಲ್ಲ, ಎರಡು ಬೆರಳು ಎಡಕ್ಕೆ. ಅದೂ ಅವನು ಉಸಿರು ಬಿಟ್ಟಾಗ ಅಲ್ಲ, ಅರ್ಧ ಎಳೆದುಕೊಂಡಾಗ. ನಿರಿಗೆ ಹಿಡಿಯುವಾಗ ಅಂಚನ್ನು ಮುಟ್ಟುವುದಿಲ್ಲ. ಅಂಚಿಗಿಂತ ಒಂದು ಗೇಣು ಮೇಲೆ, ಹತ್ತಿಯ ಒಡಲನ್ನು ಹಿಡಿಯಬೇಕು, ಅಂಚು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಕಚ್ಚೆ ಹಿಂದಕ್ಕೆ ತೆಗೆಯುವಾಗ ತಂಗಿಯನ್ನು ಒಮ್ಮೆ ಕೂರಿಸಿ ಎಬ್ಬಿಸಬೇಕು, ಇಲ್ಲದಿದ್ದರೆ ರಂಗದ ಮೇಲೆ ಕೂತಾಗ ಬಿಗಿಯುತ್ತದೆ. ಹೀಗೆ ಲೆಕ್ಕ ಹಾಕಿ, ಕುಸ್ತಿಯವರು ಎಣಿಸುವಂತೆ, ಹದಿಮೂರು ಪಟ್ಟು ಗುರುತಿಸಿದೆ. ಊರಿಗೆ ಹೋದಾಗ ಮನೆಯ ಕಂಬಕ್ಕೆ ಕಂಬಳಿ ಸುತ್ತಿ ಅದರ ಮೇಲೆ ಸೀರೆ ಉಡಿಸಿ ಕಲಿತೆ. ನಮ್ಮ ಅವ್ವ ನೋಡಿ, ‘ನಮ್ಮ ಬೀರ್‍ಯಾಗ ಏನೋ ಬಡದೈತಿ’ ಎಂದು ಗುಡಿಯ ಅಂಗಾರ ತಂದು ಹಣೆಗೆ ಹಚ್ಚಿದಳು.

ಆದರೆ ಹದಿಮೂರಾದ ಮೇಲೆ ಇನ್ನೊಂದಿತ್ತು. ಎಲ್ಲ ಮುಗಿದ ಮೇಲೆ ಸಾಬಮ್ಮ ಹಣಮಂತುವನ್ನು ಗೋಡೆಯ ಕಡೆಗೆ ತಿರುಗಿಸಿ, ತಾನು ಬಾಗಿಲಿಗೆ ಬೆನ್ನು ಮಾಡಿ ನಿಂತು, ಎಡಗೈಯನ್ನು ಅವನ ಸೊಂಟದ ಹಿಂದೆ ಹಾಕಿ ಏನೋ ಮಾಡುತ್ತಿದ್ದಳು. ಎಣಿಸಿ ಐದರವರೆಗೆ, ಅಷ್ಟೇ ಹೊತ್ತು. ಅದಾದ ಮೇಲೆಯೇ ಅವನ ನಡಿಗೆ ಬದಲಾಗುತ್ತಿದ್ದದ್ದು. ಬೆನ್ನೊಂದೇ ಕಾಣುತ್ತಿತ್ತು ನನಗೆ, ಬರೀ ಬೆನ್ನು!

‘ಅಕಿ ಏನ್ ಮಾಡ್ತಾಳೋ ಕಡೀಕ?’ ಎಂದು ಹಣಮಂತುವನ್ನು ಕೇಳಿದೆ.

‘ಏನೋ ಮಾಡ್ತಾಳ ಮಾವ, ನನಗ ತಿಳಿಯಂಗಿಲ್ಲ. ಆಮ್ಯಾಗ ಕಾಲು ತಾವಾ ನಡೀತಾವು.’

ಬಿಚ್ಚುವವಳೂ ಅವಳೇ. ಬಿಚ್ಚಿ ಕೊಟ್ಟ ಸೀರೆಯಲ್ಲಿ ದಾರ ಹುಡುಕಿದೆ, ಮಡಿಕೆಯ ಗುರುತು ಹುಡುಕಿದೆ, ಮೂಸಿ ಕೂಡ ನೋಡಿದೆ. ಏನೂ ಇಲ್ಲ.

ಹೀಗೆ ಎರಡು ವರ್ಷ ಕಳೆಯುವಷ್ಟರಲ್ಲಿ ಹೈದರಾಬಾದಿನಿಂದ ಸುದ್ದಿ ಬಂತು. ವಿಶ್ವವಿದ್ಯಾಲಯದ ಪ್ರೊಫೆಸರ್ ಸಾಹೇಬರೊಬ್ಬರು ರೈಲಿನಲ್ಲಿ ಗದ್ವಾಲಿಗೆ ಬರುತ್ತಾರೆ. ತಮ್ಮ ನಾಟಕ ತರಗತಿಗೆ ಉಡಿಸುವುದನ್ನು ಕಲಿಸಬಲ್ಲ ಒಬ್ಬರನ್ನು ಆರಿಸುತ್ತಾರೆ. ಸರ್ಕಾರಿ ಕೆಲಸ, ಖಾಯಂ. ಯಜಮಾನರು ಯಾರನ್ನು ಮುಂದೆ ಮಾಡುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಇಡೀ ಬದುಕು ಮಡಚಿ ಕೊಡುವವನಾಗಿಯೇ ಮುಗಿಯುತ್ತೇನೆ ಎಂದು ನನಗೂ ಖಾತ್ರಿಯಾಯಿತು.

ಆಗ ಮಾಡಿದ ಕೆಲಸವನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಪ್ರಯೋಜನವಿಲ್ಲ. ಒಗೆದು ಒಗೆದು ಮೆತ್ತಗಾದ ಸೀರೆಯನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು, ಅದೇ ಬಣ್ಣದ ಹೊಸ ಸೀರೆ ತಂದು ಸಾಬಮ್ಮನ ಕೈಗಿಟ್ಟೆ. ಮಗ್ಗದಿಂದ ಇಳಿದು ವಾರವಾಗಿರಲಿಲ್ಲ. ಗಂಜಿಗೆ ಹಪ್ಪಳದಂತೆ ನಿಂತಿತ್ತು. ‘ಹಳೇದು ಎಲ್ಲೈತಿ ತಮ್ಮ?’ ಎಂದಳು. ‘ಅಗಸರ ಮನ್ಯಾಗ’ ಎಂದೆ. ಅವಳು ಸೀರೆಯ ಮೇಲೆ ಕೈಯಾಡಿಸಿದಳು, ನನ್ನ ಮುಖ ನೋಡಿದಳು. ಒದ್ದೆ ಬಟ್ಟೆಯಿಂದ ಸವರಿ, ಕಂಬಕ್ಕೆ ಸೀರೆಯನ್ನು ಹಾಕಿ ಆಚೆ ಈಚೆ ಎಳೆದು ಎಳೆದು ಹದ ಮಾಡಿದಳು. ಮಧ್ಯಾಹ್ನವೆಲ್ಲ ಅದೇ ಆಯಿತು.

ಪ್ರೊಫೆಸರರು ಬಂದು ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿ ಕೂತರು. ಬಾಗಿಲು ಅಂದು ಪೂರ್ತಿ ತೆರೆದಿತ್ತು. ನಾನೂ ಯಜಮಾನರೂ ಹೊಸ್ತಿಲಲ್ಲಿ ನಿಂತಿದ್ದೆವು. ಹದಿಮೂರು ಪಟ್ಟು ಮುಗಿದವು. ಆಮೇಲೆ ನಡೆದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಸಾಬಮ್ಮ ತಾನು ಪಕ್ಕಕ್ಕೆ ಸರಿದು, ಹಣಮಂತುವಿನ ಬೆನ್ನು ಬಾಗಿಲಿಗೆ, ನನಗೆ ಕಾಣುವಂತೆ ತಿರುಗಿಸಲು ಹೋದಳು. ಅರ್ಧಕ್ಕೆ ನಿಂತಳು. ಗಂಜಿಯ ನಿರಿಗೆಯನ್ನು ಬೆರಳಲ್ಲಿ ಒಮ್ಮೆ ಮುಟ್ಟಿದಳು. ಆಮೇಲೆ ಎಂದಿನಂತೆ ಅವನನ್ನು ಗೋಡೆಯ ಕಡೆಗೆ ತಿರುಗಿಸಿ, ನಮಗೆಲ್ಲ ಬೆನ್ನು ಮಾಡಿ ಎಡಗೈ ಆಡಿಸಿದಳು.

ಹಣಮಂತು ನಡೆದ. ಪ್ರೊಫೆಸರರು ಕುರ್ಚಿಯಿಂದ ಎದ್ದರು. ‘ಸುಭಾನಲ್ಲಾ! ಕೈಸೇ ಕಿಯಾ ಅಮ್ಮಾ, ಬತಾವ್’ ಎಂದರು. ಹೇಗೆ ಮಾಡಿದೆ, ಹೇಳು ಎಂದು. ಯಜಮಾನರು ಕನ್ನಡದಲ್ಲಿ ಕೇಳಿದರು.

‘ಹಿಂಗ್ರೀ’ ಎಂದು ಸಾಬಮ್ಮ ಕೈ ಆಡಿಸಿ ತೋರಿಸಿದಳು.

‘ಬಾಯಿಲೆ ಹೇಳವ್ವ. ಹುಡುಗರಿಗೆ ಕಲಿಸಬೇಕಂತ.’

‘ಬಾಯಿಗೇನ್ ಗೊತ್ರೀ? ಕೈಗೆ ಗೊತ್ತು.’

ಆಗ ನಾನು ಹೊಸ್ತಿಲು ದಾಟಿ ಒಳಗೆ ಹೋದೆ. ಅರ್ಧ ಉರ್ದು, ಅರ್ಧ ಕನ್ನಡದಲ್ಲಿ ಹದಿಮೂರು ಪಟ್ಟುಗಳನ್ನೂ ಒಂದೊಂದಾಗಿ ಹೇಳಿದೆ. ಎಲ್ಲಿ ಎರಡು ಬೆರಳು, ಎಲ್ಲಿ ಒಂದು ಗೇಣು, ಯಾವಾಗ ಉಸಿರು, ಅಂಚನ್ನು ಯಾಕೆ ಎಳೆಯಬಾರದು. ಎರಡು ವರ್ಷದ ಉರಿಯೆಲ್ಲ ನಾಲಿಗೆಯ ಮೇಲೆ ಪಾಠವಾಗಿ ಬಂತು. ಪ್ರೊಫೆಸರರು ಬರೆದುಕೊಂಡರು. ಬರೆದು ಮುಗಿಸಿ, ‘ಇವನು ಕಲಿಸಬಲ್ಲ’ ಎಂದು ಉರ್ದುವಿನಲ್ಲಿ ಹೇಳಿ ನನ್ನ ಭುಜ ತಟ್ಟಿದರು. ಗಂಡುಹುಡುಗರ ಕಾಲೇಜಿಗೆ ಹೆಂಗಸನ್ನು ಕರೆದೊಯ್ಯುವುದು ಆಗದ ಮಾತು ಎಂಬುದೂ ಇತ್ತು. ಆದರೆ ಅದರ ಹಿಂದೆ ಅಡಗಿಕೊಳ್ಳುವುದಿಲ್ಲ. ಅವಳ ಕಸಬನ್ನು ಅವಳ ಕಣ್ಣೆದುರೇ ನನ್ನದೆಂದು ಹೇಳಿ ಕೆಲಸ ಗಿಟ್ಟಿಸಿದೆ. ಸಾಬಮ್ಮ, ‘ಚಲೋ ಆತು ತಮ್ಮ, ಹೋಗಿ ಬಾ’ ಎಂದಳು. ನಾನು ಗೆದ್ದಿದ್ದೆ. ಆದರೂ ರೈಲಿನಲ್ಲಿ ಕೂತಾಗ ಮನಸ್ಸು ಲೆಕ್ಕ ಹಾಕುತ್ತಿದ್ದದ್ದು ಆ ಎಡಗೈಯನ್ನೇ.

ಹೈದರಾಬಾದಿನ ಹುಡುಗರು ಶೇರ್ವಾನಿ, ರೂಮಿ ಟೋಪಿಯವರು. ಮೊದಲ ದಿನ ಒಬ್ಬನ ಹಣೆಗೆ ಕುಂಕುಮ ಹಚ್ಚಲು ಹೋಗಿ, ‘ಇನ್ನು ನೀ ನನ್ನ ತಂಗಿ’ ಎಂದೆ. ತರಗತಿಯೇ ಬಿದ್ದು ಬಿದ್ದು ನಕ್ಕಿತು. ಸಾಬಮ್ಮನ ಬಾಯಲ್ಲಿ ನಿಂತ ಮಾತು ನನ್ನ ಬಾಯಲ್ಲಿ ನಿಲ್ಲಲಿಲ್ಲ. ಮರುದಿನದಿಂದ ಕುಂಕುಮ ಬಿಟ್ಟೆ, ಪಟ್ಟು ಹಿಡಿದೆ. ಹದಿಮೂರನ್ನೂ ಹಲಗೆಯ ಮೇಲೆ ಬರೆಸಿದೆ, ಕಣ್ಣು ಕಟ್ಟಿ ಉಡಿಸುವಂತೆ ಮಾಡಿಸಿದೆ. ಒಂದು ವರ್ಷದಲ್ಲಿ ನನ್ನ ಹುಡುಗರು ಕಟ್ಟಿದ ಸೀರೆ ಕುಣಿದರೂ ಜಾರುತ್ತಿರಲಿಲ್ಲ, ಅಂಚೂ ಬಿಡುತ್ತಿರಲಿಲ್ಲ. ಪ್ರೊಫೆಸರರು ನಾಟಕ ನೋಡಿ ಒಳಗೆ ಬಂದರು. ನಾನು ಶಾಭಾಸ್‌ಗಿರಿಗೆ ಕಾದು ನಿಂತೆ.

‘ಸಾಡಿ ತೋ ಠೀಕ್ ಹೈ ಬೀರಪ್ಪ. ಔರತ್ ಕಹಾಂ ಹೈ?’

ಸೀರೆಯೇನೋ ಸರಿಯಾಗಿದೆ, ಹೆಣ್ಣು ಎಲ್ಲಿ? ಮರುವರ್ಷವೂ ಅದನ್ನೇ ಕೇಳಿದರು. ಮೂರನೆಯ ವರ್ಷ ಕೇಳಲಿಲ್ಲ, ತಲೆಯಾಡಿಸಿ ಹೋದರು. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ. ನೂರು ಮೈಲಿ ಆಚೆ ಕೂತ ಆ ಹೆಂಗಸು ಇನ್ನೂ ನನ್ನನ್ನು ಸೋಲಿಸುತ್ತಿದ್ದಾಳಲ್ಲ ಎಂದು ಉರಿಯಿತು. ರಜೆ ಬಂದದ್ದೇ ಗದ್ವಾಲಿನ ರೈಲು ಹತ್ತಿದೆ.

ಬೆಳಗಿನ ಹೊತ್ತು. ಸಾಬಮ್ಮ ಪಡಸಾಲೆಯಲ್ಲಿ ರಾಟೆ ತಿರುಗಿಸಿ ನೂಲು ಸುತ್ತುತ್ತಿದ್ದಳು. ಕಂಪನಿ ಬಿಟ್ಟಿದ್ದಳು. ನೀರು ಕೊಟ್ಟಳು, ಅವ್ವನ ಸುಖದುಃಖ ಕೇಳಿದಳು. ‘ಏನ್ ಕಲಸಾಕತ್ತೀದಿ, ತೋರ್ಸು ನೋಡೋಣು’ ಎಂದು ಒಂದು ಸೀರೆ ಮುಂದಿಟ್ಟಳು. ಪಡಸಾಲೆಯ ಕಂಬಕ್ಕೆ ಹದಿಮೂರು ಪಟ್ಟು ಹಾಕಿ ತೋರಿಸಿದೆ. ಅವಳು ಕಂಬದ ಸುತ್ತ ಒಂದು ಸುತ್ತು ಬಂದಳು.

‘ಚಲೋ ಐತಿ. ನಾ ತೋರಿಸಿದಂಗ ಮಾಡೀದಿ.’

‘ನೀ ಎಲ್ಲಿ ತೋರಿಸಿದಿ? ನಾ ಕದ್ದು ನೋಡಿ ಕಲತಿದ್ದು’ ಎಂದೆ. ನಾಚಿಕೆಗಿಂತ ಜಂಬವೇ ಹೆಚ್ಚಿತ್ತು ಆ ಮಾತಿನಲ್ಲಿ.

ಸಾಬಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ‘ಕದ್ದು? ಬಾಗಿಲ ಸಂದ್ಯಾಗ ನಿನ್ನ ಕೆಂಪು ರುಮಾಲಾ ಕಾಣ್ತಿತ್ತೋ ತಮ್ಮ! ಅದಕ್ಕ ತಂಗಿನ್ನ ಕಿಟಕಿ ಬೆಳಕಿಗೆ ನಿಲ್ಲಿಸಿ, ನಿನಗ ಕಾಣೂವಂಗ ಸಾವಕಾಶ ಮಾಡ್ತಿದ್ದೆ. ನಿನ್ನ ಕೈಲಿಂದ ಕೆಲಸ ಹೋಗಿತ್ತು. ಕೇಳಾಕ ನಿನಗ ಬಾಯಿ ಇದ್ದಿಲ್ಲ.’

ನನ್ನ ಕಳ್ಳತನವೂ ನನ್ನದಲ್ಲ ಎಂದಾಯಿತು. ಮೊದಲ ಸಲ ಆ ಮಾತು ಬಾಯಿಗೆ ಬಂತು.

‘ಅಕ್ಕ, ಕಡೀದು ಒಂದು ಐತಲ್ಲ. ಗ್ವಾಡಿ ಕಡಿ ತಿರುಗಿಸಿ ಎಡಗೈಲೆ ಮಾಡ್ತಿದ್ದಿ. ಅದನ್ನ ಹೇಳು.’

ಅವಳು ರಾಟೆಯ ಮುಂದೆ ಹೋಗಿ ಕೂತಳು. ಕಡಿದ ನೂಲಿಗೆ ಗಂಟು ಹಾಕುತ್ತ ಹೇಳಿದಳು:

‘ಅದೊಂದು ನನಗಂತ ಇಟ್ಕೊಂಡಿದ್ದೆ. ಅವತ್ತ ಸಾಹೇಬ್ರು ಬಂದ ದಿನ, ಅದನ್ನೂ ನಿನಗ ತೋರಿಸಿ ಬಿಡಬೇಕಂತ ಮನಸು ಮಾಡಿ ಬಂದಿದ್ದೆ. ಹೆಂಗೂ ನನ್ನ ಹೈದರಾಬಾದಿಗೆ ಯಾರ್ ಕರಕೊಂಡ್ ಹೊಕ್ಕಾರ? ನೀನರ ಹೋಗಲಿ ಅಂತ. ಬಾಗಿಲ ಕಡಿ ಬೆನ್ನ ತಿರುಗಿಸಿದೆ. ಕೈಗೆ ನಿನ್ನ ಗಂಜಿ ಹತ್ತಿತು.’

ರಾಟೆ ತಿರುಗತೊಡಗಿತು. ನಾನು ಕಾಲಿಗೆ ಬೀಳಲು ಹೋದೆ. ‘ಸಿಟ್ಟಿಲ್ಲೋ ತಮ್ಮ, ಉಂಡು ಹೋಗು’ ಎಂದಳು. ಜೋಳದ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು. ಆದರೆ ಹೇಳಲಿಲ್ಲ. ಆಮೇಲೆ ಎರಡು ಸಲ ಹೋದೆ, ಆಗಲೂ ಉಣ್ಣಿಸಿ ಕಳಿಸಿದಳು. ಮೂರನೆಯ ಸಲ ಹೋಗುವಷ್ಟರಲ್ಲಿ ಆ ಮನೆಯಲ್ಲಿ ಬೇರೆ ಯಾರೋ ಇದ್ದರು.

ಅಲ್ಲಿಂದ ನಿವೃತ್ತಿಯ ತನಕ ಹದಿಮೂರನ್ನೇ ಕಲಿಸಿದೆ. ಆಮೇಲೆ ರಂಗಕ್ಕೆ ಹೆಣ್ಣುಮಕ್ಕಳೇ ಬಂದರು. ಒಂಬತ್ತು ಗಜದ ಸೀರೆ ಉಡಲು ಅವರಿಗೂ ಬರುತ್ತಿರಲಿಲ್ಲ, ಅವರಿಗೂ ಕಲಿಸಿದೆ. ಪಿನ್ನು ಬಂತು. ಪಿನ್ನು ಚುಚ್ಚುವವರನ್ನು ನಾನು ಉಡಿಸುವವರೆಂದು ಒಪ್ಪುವುದಿಲ್ಲ, ಆ ಜಗಳ ಇಲ್ಲಿ ಬೇಡ. ವಿಭಾಗದ ಗೋಡೆಯ ಮೇಲೆ ಹದಿಮೂರು ಪಟ್ಟುಗಳ ಪಟ್ಟಿ ಈಗಲೂ ನನ್ನ ಹೆಸರಿನಲ್ಲಿ ತೂಗುತ್ತಿದೆಯಂತೆ. ಆ ಹೆಸರು ಹೊಡೆದು ಹಾಕಿ, ನಾರಾಯಣಪೇಟೆಯ ಸಾಬಮ್ಮ ಎಂದು ಬರೆಯಿರಿ. ಇದನ್ನು ಬರೆಯುವಾಗಲೂ ನನ್ನ ಕೈ ಹಿಂದೆ ಸರಿಯುತ್ತಿದೆ, ಅಷ್ಟು ಉರಿ ಇನ್ನೂ ಉಳಿದಿದೆ.

ಉಡಿಸುವ ಕೆಲಸಕ್ಕೆ ಬರುವವರೇ, ಹೊಟ್ಟೆಕಿಚ್ಚು ಪಡಿ ಬೇಕಾದರೆ. ಅದು ಹದಿಮೂರರ ತನಕ ಚೆನ್ನಾಗಿಯೇ ಕಲಿಸುತ್ತದೆ. ಹದಿನಾಲ್ಕನೆಯದು ನಿಮ್ಮಲ್ಲಿ ಯಾರಿಗಾದರೂ, ಎಂದಾದರೂ, ನಿಮ್ಮ ಎಡಗೈಗೆ ತಾನಾಗಿ ದಕ್ಕಿದರೆ ನನಗೆ ಬಂದು ಹೇಳಬೇಡಿ. ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ.